ಜೀನ್ ಇದ್ದ ಮಾತ್ರಕ್ಕೆ ಸೀಲಿಯಾಕ್ ಬಂದೇ ಬರುತ್ತಾ? ಓದುಗರ ಪ್ರಶ್ನೆ, ಡಾಕ್ಟರ್ ಉತ್ತರ

ಹೋದ ಸಂಚಿಕೇಲಿ ಗೋಧಿ ಒಗ್ಗದ ಮಕ್ಕಳ ಬಗ್ಗೆ, ಅಂದ್ರೆ ಗೋಧಿಯ ಗ್ಲುಟನ್ ಅನ್ನೋ ಪ್ರೋಟೀನ್ ತಿಂದ್ರೆ ಸಣ್ಣ ಕರುಳು ಹಾಳಾಗೋ ಸೀಲಿಯಾಕ್ ಕಾಯಿಲೆ ಬಗ್ಗೆ, ನಾಲ್ಕೇ ನಾಲ್ಕು ಸಾಲು ಬರೆದಿದ್ದೆ, ಅದಕ್ಕೆ ಬಂದಿರೋ ಪತ್ರಗಳ ಕಟ್ಟು ನೋಡಿದ್ರೆ ಇಡೀ ಸಂಚಿಕೆಯನ್ನೇ ಇದಕ್ಕೆ ಬಿಡಬೇಕಿತ್ತೇನೋ ಅನ್ಸತ್ತೆ. ಮುಕ್ಕಾಲು ಪಾಲು ಜನ ಕೇಳಿರೋದು ಜೀನ್ ಬಗ್ಗೆ. ಯಾರಿಂದ ಬಂತು, ಯಾರಿಗೆ ಹೋಗುತ್ತೆ, ಟೆಸ್ಟ್ ಮಾಡಿಸ್ಬೇಕಾ, ಪಾಸಿಟಿವ್ ಬಂದ್ರೆ ಏನು ಗತಿ. ಒಂದೇ ಥರದ ಪತ್ರಗಳನ್ನ ಒಟ್ಟು ಸೇರಿಸಿ ಉತ್ತರ ಬರೀತಿದೀನಿ. ಹೆಸರು ಊರು ಎಲ್ಲಾ ತೆಗೆದಿದ್ದೀನಿ, ಕೆಲವರು ಬೇಡ ಅಂದಿದ್ರು, ಉಳಿದವರದ್ದೂ ಬೇಡ ಅಂತ ನಾನೇ ಬಿಟ್ಟೆ.

ಡಾಕ್ಟ್ರೇ, ನನ್ನ ಮಗಳಿಗೆ 6 ವರ್ಷ. ಎರಡು ವರ್ಷದಿಂದ ಹೊಟ್ಟೆ ಉಬ್ಬರ, ಆಗಾಗ ಭೇದಿ, ಎತ್ತರಾನೂ ಬೆಳೀತಿರ್ಲಿಲ್ಲ. ಈಗ ಸೀಲಿಯಾಕ್ ಅಂತ ಗೊತ್ತಾಗಿದೆ. ಜೀನ್‌ನಿಂದ ಬರೋದು ಅಂದ್ರು. ಆವತ್ತಿಂದ ಮನೇಲಿ ಯಾರ ಕಡೆಯಿಂದ ಬಂತು ಅನ್ನೋದೇ ಮಾತು. ನಮ್ಮಿಬ್ಬರಿಗೂ ಏನೂ ತೊಂದ್ರೆ ಇಲ್ಲ. ಅತ್ತೆ ಮಾತ್ರ ನಿಮ್ಮ ಕಡೆಯವರಿಂದಾನೇ ಅಂತ ಹೇಳಿ ಹೇಳಿ ನನಗೂ ಹಾಗೇ ಅನ್ಸೋಕೆ ಶುರುವಾಗಿದೆ.

ಅಮ್ಮಾ, ಮೊದಲು ಆ ಮಾತನ್ನ ತಲೆಯಿಂದ ತೆಗೀರಿ. ಆಮೇಲೆ ಅತ್ತೆಯವರಿಗೂ ಇದನ್ನ ಓದಿ ಹೇಳಿ, ಯಾಕಂದ್ರೆ ಈ ಕಾಯಿಲೇಲಿ "ಒಂದು ಕಡೆಯಿಂದ ಬಂತು" ಅನ್ನೋ ಲೆಕ್ಕ ಎಷ್ಟೋ ಸಲ ಕೂಡೋದೇ ಇಲ್ಲ.

ಸೀಲಿಯಾಕ್‌ಗೆ ಮುಖ್ಯವಾಗಿ ಬೇಕಾಗೋ ಜೀನ್‌ಗಳು ಇರೋದು ನಮ್ಮ 6ನೇ ಕ್ರೋಮೋಸೋಮ್ ಮೇಲೆ, ಎಚ್ಎಲ್ಎ ಅಂತ ಕರೆಯೋ ಜಾಗದಲ್ಲಿ. ಅಲ್ಲಿನ ಜೀನ್‌ಗಳು ನಮ್ಮ ಕೆಲವು ಜೀವಕೋಶಗಳ ಮೈಮೇಲೆ ಒಂದು ಥರದ ಪುಟ್ಟ ತಟ್ಟೆ ಮಾಡಿಡ್ತವೆ, ಹೊರಗಿನಿಂದ ಬಂದ ಪ್ರೋಟೀನ್ ಚೂರನ್ನ ಆ ತಟ್ಟೆಯಲ್ಲಿಟ್ಟು ರೋಗನಿರೋಧಕ ಕಣಗಳಿಗೆ "ನೋಡು, ಇದು ಯಾರು" ಅಂತ ತೋರಿಸೋದು ಅದರ ಕೆಲಸ. ಈ ತಟ್ಟೆಗಳಲ್ಲಿ ನೂರಾರು ನಮೂನೆ ಇದೆ. ಸೀಲಿಯಾಕ್ ಇರೋರಲ್ಲಿ ಸುಮಾರು 90 ಪರ್ಸೆಂಟ್ ಜನಕ್ಕೆ ಡಿಕ್ಯೂ2 ಅನ್ನೋ ನಮೂನೆ ಇರುತ್ತೆ, ಉಳಿದವರಲ್ಲಿ ಹೆಚ್ಚಿನವರಿಗೆ ಡಿಕ್ಯೂ8. ಎರಡೂ ಇಲ್ಲದೆ, ಅದರ ಒಂದು ಅರ್ಧವೂ ಇಲ್ಲದೆ ಸೀಲಿಯಾಕ್ ಬಂದಿರೋರು ತೀರಾ ಅಪರೂಪ.

"ಅರ್ಧ" ಅಂದ್ನಲ್ಲ, ನಿಮ್ಮ ಮನೆ ಜಗಳಕ್ಕೆ ಉತ್ತರ ಅಲ್ಲೇ ಇರೋದು. ಈ ತಟ್ಟೆ ಒಂದೇ ತುಂಡಲ್ಲ, ಆಲ್ಫಾ ಬೀಟಾ ಅಂತ ಎರಡು ಹೋಳು ಜೋಡಿಸಿ ಆಗಿರೋದು, ಒಂದೊಂದು ಹೋಳಿಗೂ ಒಂದೊಂದು ಜೀನ್. ಹೆಚ್ಚಿನವರಲ್ಲಿ ಡಿಕ್ಯೂ2ರ ಎರಡೂ ಹೋಳು ಒಂದೇ ಕ್ರೋಮೋಸೋಮ್ ಮೇಲೆ ಒಟ್ಟಿಗೇ ಕೂತು ಅಪ್ಪನಿಂದಲೋ ಅಮ್ಮನಿಂದಲೋ ಇಡಿಯಾಗಿ ಬರ್ತವೆ. ಆದ್ರೆ ಕೆಲವರಲ್ಲಿ ಒಂದು ಹೋಳು ಅಪ್ಪನಿಂದ ಬರುತ್ತೆ, ಇನ್ನೊಂದು ಅಮ್ಮನಿಂದ, ಅಪ್ಪನ ಹತ್ರ ಪೂರ್ತಿ ತಟ್ಟೆ ಇರಲ್ಲ, ಅಮ್ಮನ ಹತ್ರಾನೂ ಇರಲ್ಲ, ಮಗುವಿನ ಮೈಯೊಳಗೆ ಎರಡೂ ಸೇರಿ ತಟ್ಟೆ ತಯಾರಾಗುತ್ತೆ. ಅಂಥ ಮಗುವಿನ ಕಾಯಿಲೆ ಯಾರ ಕಡೆಯದ್ದು ಅಂತೀರಿ?

ನಿಮ್ಮ ಮಗಳದ್ದು ಇದೇ ಥರಾನಾ ಅಂತ ಪೂರ್ತಿ ಟೈಪಿಂಗ್ (ಯಾವ ಯಾವ ಹೋಳು ಇದೆ ಅಂತ ನೋಡೋ ಜೀನ್ ಟೆಸ್ಟ್) ಮಾಡಿಸದೆ ಹೇಳೋಕಾಗಲ್ಲ, ಮಾಡಿಸೋ ಅಗತ್ಯವೂ ಇಲ್ಲ, ಕಾಯಿಲೆ ಇದೆ ಅಂತ ಗೊತ್ತಾದ ಮೇಲೆ ಆ ಲೆಕ್ಕದಿಂದ ಮಗುವಿನ ಊಟದಲ್ಲಿ ಒಂದು ತುತ್ತೂ ಬದಲಾಗಲ್ಲ. ಇನ್ನೊಂದು ಮಾತು. ಎಚ್ಎಲ್ಎ ಒಂದೇ ಅಲ್ಲ, ಅದು ಆನುವಂಶಿಕ ಪಾಲಿನಲ್ಲಿ ಸುಮಾರು 40 ಪರ್ಸೆಂಟ್ ಮಾತ್ರ ವಿವರಿಸುತ್ತೆ. ಅದರಾಚೆ ಬೇರೆ ಬೇರೆ ಕ್ರೋಮೋಸೋಮ್‌ಗಳ ಮೇಲೆ 40ಕ್ಕೂ ಹೆಚ್ಚು ಜಾಗಗಳು ಸಿಕ್ಕಿವೆ, ಒಂದೊಂದೂ ಅಪಾಯವನ್ನ ಚೂರೇ ಚೂರು ಮೇಲೆ ಕೆಳಗೆ ಮಾಡುತ್ತೆ, ಹೆಚ್ಚಿನವು ರೋಗನಿರೋಧಕ ಶಕ್ತಿಗೆ ಸಂಬಂಧಪಟ್ಟವೇ. ಅವು ಎರಡೂ ಮನೆಯಿಂದ ಬಂದಿರ್ತವೆ. ನಿಮ್ಮ ಯಜಮಾನ್ರು "ನನಗೆ ಏನೂ ಇಲ್ವಲ್ಲ" ಅಂದ್ರೆ ಅದಕ್ಕೂ ಅರ್ಥ ಇಲ್ಲ, ಡಿಕ್ಯೂ2 ಹೊತ್ಕೊಂಡು ಜೀವನಪೂರ್ತಿ ಗೋಧಿ ತಿಂದು ಆರಾಮಾಗಿರೋರೇ ಜಾಸ್ತಿ.

ಆದ್ರೆ ನೀವು ಕೇಳದೇ ಇರೋ ಒಂದು ವಿಷಯ ಹೇಳ್ತೀನಿ. ನೀವಿಬ್ರೂ ಒಂದ್ಸಲ ರಕ್ತ ಕೊಟ್ಟು ಟಿಟಿಜಿ-ಐಜಿಎ ಆಂಟಿಬಾಡಿ ಟೆಸ್ಟ್ (ಸೀಲಿಯಾಕ್ ಹಿಡಿಯೋ ರಕ್ತಪರೀಕ್ಷೆ) ಮಾಡಿಸ್ಕೊಳ್ಳಿ, ಬೇರೆ ಮಕ್ಕಳಿದ್ರೆ ಅವರಿಗೂ. ಜೊತೇಲಿ ಒಟ್ಟು ಐಜಿಎ (ಅದು ಆಂಟಿಬಾಡಿಯ ಒಂದು ಜಾತಿ) ಎಷ್ಟಿದೆ ಅಂತ ನೋಡೋಕೆ ಹೇಳಿ, ಸೀಲಿಯಾಕ್ ಇರೋರಲ್ಲಿ 100ಕ್ಕೆ 2-3 ಜನಕ್ಕೆ ಐಜಿಎನೇ ಕಮ್ಮಿ ಇರುತ್ತೆ, ಅವರ ಟೆಸ್ಟ್ ಸುಳ್ಳು ನೆಗೆಟಿವ್ ಬರುತ್ತೆ. ತೊಂದ್ರೆ ಇಲ್ಲ ಅಂತ ಅನ್ಕೊಂಡಿರೋ ಅಪ್ಪ ಅಮ್ಮನಲ್ಲೂ ಆಗಾಗ ಕಾಯಿಲೆ ಸಿಗುತ್ತೆ, ನಂಗೆ ಗೊತ್ತಿರೋ ಒಬ್ಬ ತಾಯಿಗೆ ಹತ್ತು ವರ್ಷದ ರಕ್ತಹೀನತೆಗೆ ಕಾರಣ ಸಿಕ್ಕಿದ್ದೇ ಮಗುವಿನ ರಿಪೋರ್ಟ್ ಬಂದ್ಮೇಲೆ.

ಕಾಲೇಜಲ್ಲಿ ಬಯಾಲಜಿ ಓದ್ತಿದೀನಿ ಸರ್. ಜೀನ್‌ಗೂ ಗೋಧಿಗೂ ಏನು ಸಂಬಂಧ, ಒಂದು ಜೀನ್ ಹೇಗೆ ಕರುಳು ಹಾಳು ಮಾಡುತ್ತೆ ಅಂತ ಪುಸ್ತಕದಲ್ಲಿ ಎರಡೇ ಸಾಲಿದೆ, ಅರ್ಥ ಆಗ್ಲಿಲ್ಲ.

ಜೀನ್ ಕರುಳನ್ನ ಹಾಳು ಮಾಡಲ್ಲಪ್ಪಾ. ಅದು ತಪ್ಪು ಊಟವನ್ನ ತಟ್ಟೆಗೆ ಹಾಕಿ ಬಡಿಸುತ್ತೆ, ಗಲಾಟೆ ಮಾಡೋರು ಬೇರೆಯವರು.

ಗೋಧಿ, ಬಾರ್ಲಿ, ರೈ ಈ ಮೂರರಲ್ಲಿ ಗ್ಲುಟನ್ ಜಾತಿಯ ಪ್ರೋಟೀನ್ ಇರುತ್ತೆ. ಅದರಲ್ಲಿ ಪ್ರೋಲಿನ್, ಗ್ಲುಟಮಿನ್ ಅನ್ನೋ ಎರಡು ಅಮೈನೋ ಆಮ್ಲ ಸಿಕ್ಕಾಪಟ್ಟೆ ಇರೋದ್ರಿಂದ ನಮ್ಮ ಜೀರ್ಣರಸಗಳಿಗೆ ಅದನ್ನ ಪೂರ್ತಿ ಕತ್ತರಿಸೋಕೆ ಆಗಲ್ಲ, ನಿಂಗೂ ಆಗಲ್ಲ ನಂಗೂ ಆಗಲ್ಲ, ಯಾರ ಹೊಟ್ಟೆಯಲ್ಲೂ ಆಗಲ್ಲ. ಉದ್ದುದ್ದ ಚೂರು ಹಾಗೇ ಉಳಿದುಬಿಡುತ್ತೆ. 33 ಅಮೈನೋ ಆಮ್ಲ ಉದ್ದದ ಒಂದು ಚೂರು ಅಂತೂ ಫೇಮಸ್, 2002ರಲ್ಲಿ ಅದನ್ನ ಗುರುತಿಸಿದ್ರು. ಈ ಚೂರುಗಳು ಕರುಳಿನ ಗೋಡೆ ದಾಟಿ ಒಳಗೆ ಹೋದಾಗ ಅಲ್ಲಿ ಟಿಷ್ಯೂ ಟ್ರಾನ್ಸ್‌ಗ್ಲುಟಮಿನೇಸ್ (ಟಿಟಿಜಿ ಅಂದ್ರೆ ಇದೇ) ಅಂತ ನಮ್ಮದೇ ಒಂದು ಎನ್‌ಜೈಮ್ ಇದೆ, ಗಾಯ ವಾಸಿ ಮಾಡೋದ್ರಲ್ಲೆಲ್ಲ ಕೈ ಇರೋ ಒಳ್ಳೇ ಎನ್‌ಜೈಮ್, ಅದು ಗ್ಲುಟನ್ ಚೂರಿನ ಕೆಲವು ಗ್ಲುಟಮಿನ್‌ಗಳನ್ನ ಗ್ಲುಟಮಿಕ್ ಆಮ್ಲ ಮಾಡಿಬಿಡುತ್ತೆ. ಅಂದ್ರೆ ಆ ಜಾಗದಲ್ಲಿ ನೆಗೆಟಿವ್ ಚಾರ್ಜ್ ಕೂರುತ್ತೆ. ಡಿಕ್ಯೂ2, ಡಿಕ್ಯೂ8 ತಟ್ಟೆಗಳ ತಗ್ಗಿನ ಆಕಾರ ಹೇಗಿದೆ ಅಂದ್ರೆ ನೆಗೆಟಿವ್ ಚಾರ್ಜ್ ಇರೋ ಚೂರೇ ಅಲ್ಲಿ ಗಟ್ಟಿಯಾಗಿ ಕೂರೋದು. ಬೇರೆ ನಮೂನೆ ತಟ್ಟೆ ಇರೋರಲ್ಲಿ ಅದೇ ಚೂರು ಜಾರಿ ಹೋಗುತ್ತೆ, ಇವರಲ್ಲಿ ಅಂಟ್ಕೊಳ್ಳುತ್ತೆ. ಅಷ್ಟೇ ವ್ಯತ್ಯಾಸ.

ತಟ್ಟೇಲಿ ಗಟ್ಟಿಯಾಗಿ ಕೂತ ಚೂರನ್ನ ಟಿ-ಸೆಲ್ ಅನ್ನೋ ರೋಗನಿರೋಧಕ ಕಣ ನೋಡಿ ಶತ್ರು ಅಂತ ತಿಳ್ಕೊಂಡ್ರೆ ಅಲ್ಲಿಂದ ಗಲಾಟೆ ಶುರು. ಉರಿಯೂತದ ರಾಸಾಯನಿಕಗಳು ಸುರಿತವೆ, ಆಂಟಿಬಾಡಿ ತಯಾರಾಗ್ತವೆ, ಗ್ಲುಟನ್ ವಿರುದ್ಧ ಅಷ್ಟೇ ಅಲ್ಲ, ಆ ನಮ್ಮದೇ ಎನ್‌ಜೈಮ್ ವಿರುದ್ಧವೂ. ಸಣ್ಣ ಕರುಳಿನ ಒಳಗೋಡೇಲಿ ಬೆರಳಿನ ಥರ ನಿಂತಿರೋ ವಿಲ್ಲೈ ಸವೆದು ಸವೆದು ಚಪ್ಪಟೆ ಆಗ್ತವೆ, ಆಹಾರ ಹೀರ್ಕೊಳ್ಳೋ ಜಾಗಾನೇ ಕಮ್ಮಿ ಆಗುತ್ತೆ. ಆ ಎನ್‌ಜೈಮೇ ಗುರಿ ಅಂತ ಗೊತ್ತಾಗಿದ್ದು 1997ರಲ್ಲಿ, ಇವತ್ತು ನಾವು ಮಾಡೋ ರಕ್ತಪರೀಕ್ಷೆ ಅದರ ಮೇಲೇ ನಿಂತಿರೋದು. ಡಿಕ್ಯೂ2 ಸಂಬಂಧ ಖಚಿತ ಆಗಿದ್ದು ಅದಕ್ಕೂ ಮುಂಚೆ, 1989ರಲ್ಲಿ ನಾರ್ವೆಯ ಲುಡ್ವಿಗ್ ಸೋಲಿಡ್ ಮತ್ತು ಅವರ ಜೊತೆಯವರ ಕೆಲಸದಿಂದ.

ಗೋಧಿಯೇ ಕಾರಣ ಅಂತ ಗೊತ್ತಾಗಿದ್ದು ಇನ್ನೂ ಹಿಂದೆ. ಡಚ್ ಮಕ್ಕಳ ಡಾಕ್ಟ್ರು ವಿಲ್ಲೆಮ್ ಡಿಕೆ 1930ರ ದಶಕದಿಂದಲೇ ಅನುಮಾನ ಇಟ್ಕೊಂಡಿದ್ರು, ಎರಡನೇ ಮಹಾಯುದ್ಧದ ಕೊನೇಲಿ 1944-45ರ ಚಳಿಗಾಲದಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ತಿನ್ನೋಕೆ ಬ್ರೆಡ್ಡೇ ಇಲ್ಲದಂತಾಗಿ ಊರೆಲ್ಲಾ ಹಸಿವಿನಿಂದ ಸೊರಗ್ತಿದ್ದಾಗ ಈ ಕಾಯಿಲೆಯ ಮಕ್ಕಳು ಮಾತ್ರ ಸುಧಾರಿಸ್ಕೊಂಡ್ರು, ಬ್ರೆಡ್ ವಾಪಸ್ ಬಂದ ಮೇಲೆ ಮತ್ತೆ ಮಲಗಿದ್ರು. ಡಿಕೆ ಅದನ್ನೆಲ್ಲ ಅಳೆದು ತೂಗಿ 1950ರಲ್ಲಿ ಪ್ರಬಂಧ ಮಾಡಿದ್ರು. ಇದು ನಿನ್ನ ಪರೀಕ್ಷೆಗೆ ಬರಲ್ಲ, ಆದ್ರೂ ತಿಳ್ಕೊಂಡಿರು.

ನನ್ನ ತಮ್ಮನಿಗೆ ಸೀಲಿಯಾಕ್ ಇದೆ. ಭಯಕ್ಕೆ ನಮ್ಮ 2 ವರ್ಷದ ಮಗನಿಗೆ ಜೀನ್ ಟೆಸ್ಟ್ ಮಾಡಿಸಿದ್ವಿ, ಡಿಕ್ಯೂ2 ಪಾಸಿಟಿವ್ ಬಂದಿದೆ. ಮಗು ಚೆನ್ನಾಗಿ ತಿಂತಾನೆ, ಚೆನ್ನಾಗಿ ಬೆಳೀತಿದಾನೆ. ಈಗಲಿಂದಲೇ ಗೋಧಿ ನಿಲ್ಲಿಸೋದು ಒಳ್ಳೇದಲ್ವಾ? ನನ್ನ ಹೆಂಡತಿ ಆಗ್ಲೇ ಅರ್ಧ ಅಡುಗೆಮನೆ ಖಾಲಿ ಮಾಡಿದಾಳೆ.

ಬೇಡ. ಅಡುಗೆಮನೆ ಮತ್ತೆ ತುಂಬಿಸೋಕೆ ಹೇಳಿ.

ನಿಮ್ಮ ರಿಪೋರ್ಟ್ ನೋಡಿದ್ರೆ ಅದರಲ್ಲಿ ಪಾಸಿಟಿವ್ ಅನ್ನೋ ಪದ ದಪ್ಪಕ್ಷರದಲ್ಲಿ ಇರುತ್ತೆ, ಅದನ್ನ ನೋಡಿದ ಯಾವ ಅಪ್ಪನಿಗಾದ್ರೂ ಎದೆ ಧಸಕ್ ಅನ್ನುತ್ತೆ. ಆದ್ರೆ ಯುರೋಪು ಅಮೆರಿಕದ ಲೆಕ್ಕದಲ್ಲಿ 100ಕ್ಕೆ 30-40 ಜನ ಈ ಜೀನ್ ಹೊತ್ತಿರ್ತಾರೆ, ಕಾಯಿಲೆ ಇರೋದು 100ಕ್ಕೆ ಸುಮಾರು ಒಬ್ಬರಿಗೆ. ಜೀನ್ ಇರೋ ಜನರನ್ನ ಮಾತ್ರ ತಗೊಂಡ್ರೂ ಕಾಯಿಲೆ ಬರೋದು 100ರಲ್ಲಿ ಎರಡು ಮೂರು ಜನಕ್ಕೆ. ಬಸ್ಸಲ್ಲಿ ನಿಮ್ಮ ಪಕ್ಕ ಕೂತವರಿಗೂ ಇದೇ ರಿಪೋರ್ಟ್ ಬಂದಿರಬಹುದು, ಅವರಿಗೆ ಗೊತ್ತಿಲ್ಲ ಅಷ್ಟೇ. ಅದಕ್ಕೇ ನಾನು ಹೇಳೋದು, ಈ ಟೆಸ್ಟ್‌ನಲ್ಲಿ ನೆಗೆಟಿವ್ ಬಂದ್ರೆ ಅದು ದೊಡ್ಡ ಸುದ್ದಿ, ಪಾಸಿಟಿವ್ ಬಂದ್ರೆ ಸಣ್ಣ ಸುದ್ದಿ.

ಹಾಗಂತ ಎಲ್ಲಾ ಪಾಸಿಟಿವ್‌ಗಳೂ ಒಂದೇ ಅಲ್ಲ. ಡಿಕ್ಯೂ2 ಒಂದೇ ಕಡೆಯಿಂದ ಬಂದಿದ್ಯಾ, ಅಪ್ಪ ಅಮ್ಮ ಎರಡೂ ಕಡೆಯಿಂದ ಬಂದಿದ್ಯಾ ಅನ್ನೋದು ಮುಖ್ಯ, ಯಾಕಂದ್ರೆ ಎರಡು ಪ್ರತಿ ಇದ್ರೆ ತಟ್ಟೆಗಳೂ ಜಾಸ್ತಿ, ಬಡಿಸೋದೂ ಜಾಸ್ತಿ. ಅಮೆರಿಕ, ಫಿನ್‌ಲ್ಯಾಂಡ್, ಜರ್ಮನಿ, ಸ್ವೀಡನ್ ನಾಲ್ಕು ದೇಶದಲ್ಲಿ ಹುಟ್ಟಿದಾಗಿನಿಂದ 6,000ಕ್ಕೂ ಹೆಚ್ಚು ಮಕ್ಕಳನ್ನ ಬೆನ್ನು ಹತ್ತಿದ ಟೆಡ್ಡಿ ಅಧ್ಯಯನ 2014ರಲ್ಲಿ ಲೆಕ್ಕ ಕೊಡ್ತು. 5 ವರ್ಷ ತುಂಬೋದ್ರೊಳಗೆ ಸೀಲಿಯಾಕ್ ಬಂದಿದ್ದು, ಡಿಕ್ಯೂ2 ಒಂದು ಪ್ರತಿ ಇದ್ದ ಮಕ್ಕಳಲ್ಲಿ 3 ಪರ್ಸೆಂಟ್, ಎರಡು ಪ್ರತಿ ಇದ್ದವರಲ್ಲಿ 11 ಪರ್ಸೆಂಟ್. ಇನ್ನೂ ಒಂದು ಗಮನಿಸಿ, ಬರೀ ಆಂಟಿಬಾಡಿ ಕಾಣಿಸ್ಕೊಂಡಿದ್ದು ಇದಕ್ಕಿಂತ ಜಾಸ್ತಿ ಮಕ್ಕಳಲ್ಲಿ, ಕ್ರಮವಾಗಿ 11 ಮತ್ತು 26 ಪರ್ಸೆಂಟ್. ಅಂದ್ರೆ ಅತಿ ಹೆಚ್ಚು ಅಪಾಯದ ಗುಂಪಲ್ಲೂ 100ರಲ್ಲಿ 89 ಮಕ್ಕಳು ಆ ವಯಸ್ಸಿನವರೆಗೆ ಕಾಯಿಲೆ ಇಲ್ಲದೆ ಇದ್ರು.

ಗೋಧಿ ನಿಲ್ಲಿಸಿದ್ರೆ ಏನು ನಷ್ಟ ಅಂತ ನಿಮ್ಮ ಹೆಂಡತಿ ಕೇಳಬಹುದು. ನಷ್ಟ ಇದೆ. ಗ್ಲುಟನ್ ತಿನ್ನದೇ ಇದ್ರೆ ಆಂಟಿಬಾಡಿ ಟೆಸ್ಟ್ ಕೆಲಸ ಮಾಡಲ್ಲ, ಆಮೇಲೆ ಮಗುವಿಗೆ ಕಾಯಿಲೆ ಇದ್ಯಾ ಇಲ್ವಾ ಅನ್ನೋದು ಯಾವತ್ತಿಗೂ ಗೊತ್ತಾಗದ ಹಾಗೆ ಆಗುತ್ತೆ. ಇಲ್ಲದ ಕಾಯಿಲೆಗೆ ಜೀವನಪೂರ್ತಿ ಪಥ್ಯ, ಬೇರೆ ಮಕ್ಕಳ ಜೊತೆ ಕೂತು ತಿನ್ನೋ ಹಾಗಿಲ್ಲ, ಅಷ್ಟೆಲ್ಲ ಯಾಕೆ? ಅದರ ಬದಲು ಮಗು ಎಲ್ಲ ತಿಂತಾ ಇರಲಿ, ನಿಮ್ಮ ಮಕ್ಕಳ ಡಾಕ್ಟ್ರ ಹತ್ರ ಮಾತಾಡಿ ಆಗಾಗ ಆಂಟಿಬಾಡಿ ನೋಡ್ಕೊಳ್ಳಿ, ಮಧ್ಯೆ ತೂಕ ನಿಂತ್ರೆ, ಭೇದಿ ಬಿಡದೇ ಇದ್ರೆ, ಮಗು ಸುಮ್ಸುಮ್ನೆ ರಚ್ಚೆ ಹಿಡಿಯೋಕೆ ಶುರು ಮಾಡಿದ್ರೆ ಕಾಯಬೇಡಿ.

ಇಷ್ಟಕ್ಕೂ ಕಾಯಿಲೆ ಇರೋದು ನಿಮ್ಮ ತಮ್ಮನಿಗೆ. ಮೊದಲು ರಕ್ತ ಕೊಡಬೇಕಾದವರು ಮಗು ಅಲ್ಲ, ನೀವು! ಸ್ವಂತ ಅಪ್ಪ ಅಮ್ಮ, ಅಣ್ಣ ತಮ್ಮ ಅಕ್ಕ ತಂಗಿ, ಮಕ್ಕಳು, ಇವರಿಗೆ ಅಪಾಯ ಸರಿಸುಮಾರು 10ಕ್ಕೆ ಒಬ್ಬರಿಂದ 15ಕ್ಕೆ ಒಬ್ಬರಷ್ಟು. ಅಣ್ಣನ ಮಗನಿಗೆ ಅಷ್ಟಿಲ್ಲ.

ನನಗೆ 52. ರಕ್ತ ಕಮ್ಮಿ ಅಂತ ಐದಾರು ವರ್ಷ ಕಬ್ಬಿಣದ ಮಾತ್ರೆ ನುಂಗಿದೆ, ಏರಲೇ ಇಲ್ಲ. ಕೊನೆಗೆ ಎಂಡೋಸ್ಕೋಪಿ, ಬಯಾಪ್ಸಿ ಮಾಡಿ ಸೀಲಿಯಾಕ್ ಅಂದಿದ್ದಾರೆ. ಇದು ಮಕ್ಕಳ ಕಾಯಿಲೆ ಅಂತ ಕೇಳಿದ್ದೆ. ಜೀನ್ ಹುಟ್ಟಿದಾಗಿಂದಲೂ ಇದೆ ಅಂದ್ಮೇಲೆ 50 ವರ್ಷ ಸುಮ್ನೆ ಇದ್ದು ಈಗ ಯಾಕೆ ಎದ್ದಿದೆ? ರಿಪೋರ್ಟೇ ತಪ್ಪಿರಬಹುದಾ?

ರಿಪೋರ್ಟ್ ತಪ್ಪಿರೋ ಸಾಧ್ಯತೆ ಕಮ್ಮಿ ಸರ್, ಮಾತ್ರೆಗೆ ಬಗ್ಗದ ರಕ್ತಹೀನತೆ ದೊಡ್ಡವರ ಸೀಲಿಯಾಕ್‌ನ ತುಂಬಾ ಸಾಮಾನ್ಯ ಮುಖ. ಕಬ್ಬಿಣ ಹೀರ್ಕೊಳ್ಳೋದು ಸಣ್ಣ ಕರುಳಿನ ಮೊದಲ ಭಾಗ, ಈ ಕಾಯಿಲೆ ಹೊಡೆತ ಹಾಕೋದೂ ಮೊದಲು ಅಲ್ಲಿಗೇ. ನುಂಗಿದ ಮಾತ್ರೆ ಒಳಗೆ ಸೇರೋದು ಹೇಗೆ?

ಮಕ್ಕಳ ಕಾಯಿಲೆ ಅನ್ನೋ ಮಾತು ನಾನೂ ಓದೋ ಕಾಲದಲ್ಲಿ ಕೇಳಿದ್ದೇ, ಪರೀಕ್ಷೆಯಲ್ಲೂ ಹಾಗೇ ಬರೆದು ಮಾರ್ಕ್ಸ್ ತಗೊಂಡಿದೀನಿ. ತಮಾಷೆ ಏನಂದ್ರೆ 1888ರಲ್ಲಿ ಲಂಡನ್‌ನ ಸ್ಯಾಮುಯೆಲ್ ಗೀ ಈ ಕಾಯಿಲೆಯನ್ನ ಮೊದಲ ಸಲ ಸರಿಯಾಗಿ ವರ್ಣಿಸಿದಾಗಲೇ ಇದು ಎಲ್ಲಾ ವಯಸ್ಸಿನವರಲ್ಲೂ ಕಾಣುತ್ತೆ, ಒಂದರಿಂದ ಐದು ವರ್ಷದ ಮಕ್ಕಳಲ್ಲಿ ಹೆಚ್ಚು ಅಂತ ಬರೆದಿದ್ದ. ನಾವು ಎರಡನೇ ಅರ್ಧ ಮಾತ್ರ ನೆನಪಿಟ್ಕೊಂಡ್ವಿ. ಮಕ್ಕಳಲ್ಲಿ ಭೇದಿ, ಉಬ್ಬಿದ ಹೊಟ್ಟೆ, ನಿಂತ ಬೆಳವಣಿಗೆ, ಕಣ್ಣಿಗೆ ಹೊಡೆಯುತ್ತೆ. ದೊಡ್ಡವರಲ್ಲಿ ಹೊಟ್ಟೆಯ ದೂರೇ ಇಲ್ಲದೆ ಸುಸ್ತು, ರಕ್ತಹೀನತೆ, ತೆಳುವಾದ ಮೂಳೆ, ಬಾಯಿಹುಣ್ಣು, ಕೆಲವರಿಗೆ ಮಕ್ಕಳಾಗದೇ ಇರೋದು, ಇನ್ನು ಕೆಲವರಿಗೆ ಮೊಣಕೈ ಮೊಣಕಾಲಲ್ಲಿ ತಡೆಯೋಕಾಗದ ತುರಿಕೆಯ ಗುಳ್ಳೆ, ಹೀಗೆ ಬರೋದ್ರಿಂದ ಒಬ್ಬೊಬ್ಬರೂ ಒಂದೊಂದು ವಿಭಾಗದ ಡಾಕ್ಟ್ರ ಹತ್ರ ಸುತ್ತುತಾ ಇರ್ತಾರೆ.

ಈಗ ನಿಮ್ಮ ಮೂಲ ಪ್ರಶ್ನೆ, 50 ವರ್ಷ ಯಾಕೆ ಸುಮ್ನಿತ್ತು. ಕೆಲವರಲ್ಲಿ ಸುಮ್ನಿರಲ್ಲ, ಎಷ್ಟೋ ವರ್ಷದಿಂದ ಕರುಳು ಸವೀತಾನೇ ಇರುತ್ತೆ, ಗೊತ್ತಾಗೋದು ಲೇಟು. ಆದ್ರೆ ಹಿಂದೆ ಆಂಟಿಬಾಡಿ ನೆಗೆಟಿವ್ ಇದ್ದು ಆಮೇಲೆ ದೊಡ್ಡವರಾದ ಮೇಲೆ ಪಾಸಿಟಿವ್ ಆಗಿರೋರೂ ಇದ್ದಾರೆ, ಹಳೇ ರಕ್ತದ ಸ್ಯಾಂಪಲ್ ಇಟ್ಟಿದ್ದ ಕಡೆ ಇದು ಸಾಬೀತಾಗಿದೆ. ಅಂದ್ರೆ ತಟ್ಟೆ ಇದೆ, ಊಟ ಇದೆ, ಟಿ-ಸೆಲ್ ಮಾತ್ರ ಇಷ್ಟು ವರ್ಷ ನೋಡಿಯೂ ಸುಮ್ನಿತ್ತು, ಒಂದು ದಿನ ತಿರುಗಿ ಬಿತ್ತು. ತಿರುಗಿ ಬೀಳೋಕೆ ಏನು ಕಾರಣ ಅನ್ನೋದಕ್ಕೆ ಅನುಮಾನ ಹೆಚ್ಚು ಇರೋದು ಕರುಳಿನ ಸೋಂಕುಗಳ ಮೇಲೆ, ನಮಗೆ ಗೊತ್ತೇ ಆಗದಂಥ ರಿಯೋವೈರಸ್ ಕೂಡ ಇಲಿಗಳಲ್ಲಿ ಗ್ಲುಟನ್ ಮೇಲಿನ ಸಹನೆಯನ್ನ ಮುರಿಯಬಲ್ಲದು ಅಂತ 2017ರಲ್ಲಿ ತೋರಿಸಿದ್ರು.

ಜೀನ್ ಒಂದೇ ಸಾಲದು ಅನ್ನೋದಕ್ಕೆ ನಂಗೆ ಅತಿ ಇಷ್ಟವಾದ ಸಾಕ್ಷಿ ಫಿನ್‌ಲ್ಯಾಂಡ್‌ನದ್ದು. 1978-80ರಲ್ಲಿ ದೊಡ್ಡವರಿಂದ ತೆಗೆದಿಟ್ಟಿದ್ದ ರಕ್ತವನ್ನೂ 2000-01ರ ರಕ್ತವನ್ನೂ ಪಕ್ಕಪಕ್ಕ ಇಟ್ಟು ನೋಡಿದ್ರು, ಸೀಲಿಯಾಕ್ ಸುಮಾರು 1 ಪರ್ಸೆಂಟ್ ಇದ್ದದ್ದು ಸುಮಾರು 2 ಪರ್ಸೆಂಟ್ ಆಗಿತ್ತು. 20 ವರ್ಷದಲ್ಲಿ ಒಂದು ದೇಶದ ಜೀನ್ ಬದಲಾಗಲ್ಲ ಸರ್, ಬದಲಾಗಿದ್ದು ಸುತ್ತಲಿನದ್ದು ಏನೋ.

ನಿಮ್ಮ ಮಕ್ಕಳಿಗೆ ಹೇಳಿ ಟೆಸ್ಟ್ ಮಾಡಿಸಿ. ಮೂಳೆಯ ಸಾಂದ್ರತೆಯ ಸ್ಕ್ಯಾನ್ ಬಗ್ಗೆ ನಿಮ್ಮ ಡಾಕ್ಟ್ರನ್ನ ಕೇಳಿ, ನಿಮ್ಮ ವಯಸ್ಸಿಗೆ ಅದು ಬೇಕು.

ನಮಗೆ ಅವಳಿ ಹೆಣ್ಣುಮಕ್ಕಳು, ಒಂದೇ ರೂಪ. ಒಬ್ಬಳಿಗೆ ಸೀಲಿಯಾಕ್. ಇನ್ನೊಬ್ಬಳಿಗೂ ಗ್ಯಾರಂಟಿನಾ?

ಗ್ಯಾರಂಟಿ ಇಲ್ಲ, ಆದ್ರೆ ಕಣ್ಣಿಟ್ಟಿರಬೇಕು. ಒಂದೇ ಮೊಟ್ಟೆಯಿಂದ ಹುಟ್ಟಿದ ಅವಳಿಗಳ ಮೇಲೆ ಇಟಲಿಯಲ್ಲಿ ನಡೆದ ಅಧ್ಯಯನಗಳಲ್ಲಿ ನಾಲ್ಕರಲ್ಲಿ ಮೂರು ಜೋಡಿಯಷ್ಟು ಇಬ್ಬರಿಗೂ ಬಂದಿತ್ತು, ಆಮೇಲೆ ಡೆನ್ಮಾರ್ಕ್ ಸ್ವೀಡನ್‌ನ ದೊಡ್ಡ ಅವಳಿ ದಾಖಲೆಗಳಲ್ಲಿ ನೋಡಿದಾಗ ಅರ್ಧದಷ್ಟು ಅಂತ ಬಂತು. ಬೇರೆ ಬೇರೆ ಮೊಟ್ಟೆಯ ಅವಳಿಗಳಲ್ಲಿ ಅದು ಹತ್ತಕ್ಕೆ ಒಂದರ ಆಸುಪಾಸು. ಜೀನ್‌ನ ಶಕ್ತಿ ಎಷ್ಟು ಅಂತ ಇದರಲ್ಲೇ ಕಾಣುತ್ತೆ, ಅದರ ಮಿತಿ ಎಷ್ಟು ಅಂತಾನೂ ಕಾಣುತ್ತೆ. ಅಕ್ಷರ ಅಕ್ಷರ ಒಂದೇ ಜೀನ್ ಇದ್ದು, ಒಂದೇ ಗರ್ಭ, ಒಂದೇ ಅಡುಗೆ, ಆದ್ರೂ ಎಷ್ಟೋ ಜೋಡಿಗಳಲ್ಲಿ ಒಬ್ಬಳಿಗೆ ಬಂದು ಇನ್ನೊಬ್ಬಳು ಆರಾಮಾಗಿರ್ತಾಳೆ. ಇನ್ನೊಬ್ಬಳಿಗೆ ಜೀನ್ ಟೆಸ್ಟ್ ಮಾಡಿಸೋದು ದಂಡ, ಉತ್ತರ ಆಗ್ಲೇ ಗೊತ್ತಿದೆ. ಆಂಟಿಬಾಡಿ ಮಾತ್ರ ನೋಡ್ತಾ ಇರಿ.

ನಾನು ಯಾರನ್ನೂ ಕೇಳದೆ 8 ತಿಂಗಳಿಂದ ಗೋಧಿ ಬಿಟ್ಟಿದೀನಿ. ಹೊಟ್ಟೆ ಹಗುರ, ತಲೆನೋವು ಮಾಯ. ಈಗ ಸೀಲಿಯಾಕ್ ಇದ್ಯಾ ಅಂತ ತಿಳ್ಕೋಬೇಕು. ಮತ್ತೆ ಗೋಧಿ ತಿನ್ನೋಕೆ ಧೈರ್ಯ ಇಲ್ಲ. ಜೀನ್ ಟೆಸ್ಟ್ ಸಾಕಾ ಮೇಡಂ/ಸರ್?

(ಸರ್.) ಜೀನ್ ಟೆಸ್ಟ್ ನಿಜವಾಗಿ ಉಪಯೋಗಕ್ಕೆ ಬರೋದು ನಿಮ್ಮಂಥವರಿಗೇ. ತಿಂದ್ರೂ ಬಿಟ್ರೂ ಜೀನ್ ಬದಲಾಗಲ್ಲವಲ್ಲ, ರಕ್ತದಲ್ಲೋ ಕೆನ್ನೆಯ ಒಳಗೆ ಒರೆಸಿದ ಹತ್ತಿಯಲ್ಲೋ ನೋಡಬಹುದು. ಡಿಕ್ಯೂ2, ಡಿಕ್ಯೂ8 ಎರಡರ ಯಾವ ಹೋಳೂ ಇಲ್ಲ ಅಂತ ಬಂದ್ರೆ ನಿಮಗೆ ಸೀಲಿಯಾಕ್ ಇಲ್ಲ ಅಂತ 99 ಪರ್ಸೆಂಟ್‌ಗಿಂತ ಹೆಚ್ಚು ಖಚಿತವಾಗಿ ಹೇಳಬಹುದು, ನೆಮ್ಮದಿಯಾಗಿ ಬೇರೆ ಕಾರಣ ಹುಡುಕಬಹುದು. ಒಗ್ಗದೇ ಇರೋಕೆ ಕಾರಣ ಗ್ಲುಟನ್ನೇ ಆಗಿರಬೇಕು ಅಂತಿಲ್ಲ, ಗೋಧಿಯಲ್ಲಿರೋ ಫ್ರಕ್ಟಾನ್ ಅನ್ನೋ ಸಕ್ಕರೆ ಜಾತಿಯ ಪದಾರ್ಥ ಕೂಡ ಎಷ್ಟೋ ಜನಕ್ಕೆ ಹೊಟ್ಟೆ ಉಬ್ಬರಿಸುತ್ತೆ.

ಪಾಸಿಟಿವ್ ಬಂದ್ರೆ? ಮೇಲೆ 2 ವರ್ಷದ ಮಗುವಿನ ಪತ್ರಕ್ಕೆ ಬರೆದ ಉತ್ತರವೇ, ಮೂರರಲ್ಲಿ ಒಬ್ಬರ ಪಟ್ಟಿಗೆ ನಿಮ್ಮ ಹೆಸರೂ ಸೇರಿತು ಅಷ್ಟೇ. ಆಗ ಬೇರೆ ದಾರಿ ಇಲ್ಲ, ಡಾಕ್ಟ್ರ ಕಣ್ಣೆದುರು ಕೆಲವು ವಾರ, ಸಾಮಾನ್ಯವಾಗಿ 6ರಿಂದ 8 ವಾರ, ಮತ್ತೆ ಗ್ಲುಟನ್ ತಿಂದು ಆಮೇಲೆ ರಕ್ತ, ಬಯಾಪ್ಸಿ ಮಾಡಿಸ್ಬೇಕು. ಬೈತಿದೀನಿ ಅನ್ಕೋಬೇಡಿ, ಬಿಡೋ ಮುಂಚೆ ಒಂದು ಸಣ್ಣ ರಕ್ತಪರೀಕ್ಷೆ ಮಾಡಿಸಿದ್ದಿದ್ರೆ ಈ ಫಜೀತಿ ಇರ್ತಿರ್ಲಿಲ್ಲ. ಇದನ್ನ ಓದ್ತಿರೋ ಬೇರೆಯವರು ದಯವಿಟ್ಟು ಕ್ರಮ ಉಲ್ಟಾ ಮಾಡಬೇಡಿ.

ಜೀನ್ ಟೆಸ್ಟ್ ಪಾಸಿಟಿವ್, ಟಿಟಿಜಿ ತುಂಬಾ ಜಾಸ್ತಿ. ಆದ್ರೂ ಮಗುವಿಗೆ ಬಯಾಪ್ಸಿ ಬೇಕೇ ಬೇಕಾ?

ಯಾವಾಗಲೂ ಬೇಕು ಅಂತಿಲ್ಲ. ಮಕ್ಕಳಲ್ಲಿ ಟಿಟಿಜಿ-ಐಜಿಎ ಮಾಮೂಲಿ ಮಿತಿಯ 10 ಪಟ್ಟು ಅಥವಾ ಅದಕ್ಕಿಂತ ಜಾಸ್ತಿ ಇದ್ದು, ಬೇರೆ ದಿನ ತೆಗೆದ ಇನ್ನೊಂದು ಸ್ಯಾಂಪಲ್‌ನಲ್ಲಿ ಎಂಡೋಮೈಸಿಯಲ್ ಅನ್ನೋ ಇನ್ನೊಂದು ಆಂಟಿಬಾಡಿನೂ ಪಾಸಿಟಿವ್ ಬಂದ್ರೆ ಬಯಾಪ್ಸಿ ಇಲ್ಲದೆ ನಿರ್ಧಾರ ಮಾಡಬಹುದು ಅಂತ ಯುರೋಪಿನ ಮಕ್ಕಳ ಗ್ಯಾಸ್ಟ್ರೋ ತಜ್ಞರ ಸಂಘದ 2020ರ ಮಾರ್ಗಸೂಚಿ ಹೇಳುತ್ತೆ. ಇನ್ನೂ ಒಂದು, 2012ರ ಮಾರ್ಗಸೂಚಿಯಲ್ಲಿ ಬಯಾಪ್ಸಿ ಬಿಡಬೇಕಂದ್ರೆ ಜೀನ್ ಟೆಸ್ಟ್ ಕೂಡ ಬೇಕು ಅಂತಿತ್ತು, 2020ರಲ್ಲಿ ಅದನ್ನೇ ತೆಗೆದುಹಾಕಿದ್ರು, ಅಷ್ಟು ಆಂಟಿಬಾಡಿ ಇರೋ ಮಗುವಿಗೆ ಜೀನ್ ಇರುತ್ತೆ ಅನ್ನೋದು ಗೊತ್ತಿರೋದೇ ತಾನೇ. ಅದಕ್ಕಿಂತ ಕಮ್ಮಿ ಇದ್ರೆ ಬಯಾಪ್ಸಿ ಬೇಕು.

ನನಗೆ ಸೀಲಿಯಾಕ್, ಈಗ 7 ತಿಂಗಳ ಗರ್ಭಿಣಿ. ಮಗುವಿಗೆ ಬರದ ಹಾಗೆ ಮಾಡೋಕೆ ಏನಾದ್ರೂ ದಾರಿ ಇದ್ಯಾ? ಜಾಸ್ತಿ ದಿನ ಎದೆಹಾಲು ಕೊಟ್ರೆ, ಗೋಧಿ ಲೇಟಾಗಿ ಶುರು ಮಾಡಿದ್ರೆ ಬರಲ್ಲ ಅಂತ ಹೇಳ್ತಾರೆ.

ತಂಗೀ, ನಾವೂ ಹಾಗೇ ಅನ್ಕೊಂಡಿದ್ವಿ. ಸ್ವೀಡನ್‌ನಲ್ಲಿ 1980ರ ದಶಕದ ಮಧ್ಯದಲ್ಲಿ ಎರಡು ವರ್ಷದೊಳಗಿನ ಮಕ್ಕಳಲ್ಲಿ ಸೀಲಿಯಾಕ್ ಏಕಾಏಕಿ ನಾಲ್ಕು ಪಟ್ಟು ಏರಿತ್ತು, 90ರ ದಶಕದ ಮಧ್ಯದಲ್ಲಿ ಅಷ್ಟೇ ಬೇಗ ಇಳೀತು. ಆ ಹೊತ್ತಲ್ಲಿ ಮಕ್ಕಳಿಗೆ ಗ್ಲುಟನ್ ಯಾವಾಗ, ಎಷ್ಟು ಕೊಡ್ತಿದ್ರು ಅನ್ನೋದು ಬದಲಾಗಿತ್ತು, ಹಾಗಾಗಿ ಸರಿಯಾದ ಸಮಯದಲ್ಲಿ, ಎದೆಹಾಲು ಕುಡೀತಿರುವಾಗಲೇ ಚೂರು ಚೂರು ಕೊಟ್ರೆ ಮಗು ಒಗ್ಗಿಸ್ಕೊಳ್ಳುತ್ತೆ ಅಂತ ಎಲ್ಲರಿಗೂ ಆಸೆ ಹುಟ್ಟಿತು. ಅದನ್ನ ಪರೀಕ್ಷೆ ಮಾಡಿದ ಎರಡು ದೊಡ್ಡ ಅಧ್ಯಯನ 2014ರಲ್ಲಿ ಒಟ್ಟಿಗೆ ಬಂದವು, ಎರಡೂ ಮನೆಯಲ್ಲಿ ಸೀಲಿಯಾಕ್ ಇರೋ ಮಕ್ಕಳ ಮೇಲೆ. ಒಂದರಲ್ಲಿ 944 ಮಕ್ಕಳಿಗೆ 4 ತಿಂಗಳಿಂದ 6 ತಿಂಗಳವರೆಗೆ ದಿನಾ 100 ಮಿಲಿಗ್ರಾಂ ಗ್ಲುಟನ್ ಅಥವಾ ಬರೀ ಹುಸಿ ಪುಡಿ ಕೊಟ್ರು, 3 ವರ್ಷದ ಹೊತ್ತಿಗೆ ಏನೂ ವ್ಯತ್ಯಾಸ ಇಲ್ಲ. ಇಟಲಿಯ ಇನ್ನೊಂದರಲ್ಲಿ ಕೆಲವರಿಗೆ 6 ತಿಂಗಳಿಗೆ, ಕೆಲವರಿಗೆ 12 ತಿಂಗಳಿಗೆ ಗ್ಲುಟನ್ ಶುರು ಮಾಡಿದ್ರು, ಲೇಟ್ ಮಾಡಿದವರಲ್ಲಿ ಕಾಯಿಲೆ ಲೇಟಾಗಿ ಬಂತು, 5 ವರ್ಷದ ಹೊತ್ತಿಗೆ ಎರಡೂ ಗುಂಪು ಸಮ ಸಮ. ಎದೆಹಾಲು ಕೊಟ್ರೋ ಇಲ್ವೋ ಅನ್ನೋದೂ ಲೆಕ್ಕಕ್ಕೆ ಬರಲಿಲ್ಲ. ಎದ್ದು ಕಂಡಿದ್ದು ಜೀನ್‌ನ ನಮೂನೆ ಒಂದೇ, ಎರಡು ಪ್ರತಿ ಡಿಕ್ಯೂ2 ಇದ್ದವರಿಗೆ ಜಾಸ್ತಿ.

ಎದೆಹಾಲು ಬೇರೆ ನೂರು ಕಾರಣಕ್ಕೆ ಕೊಡಿ. ಗೋಧಿಯನ್ನ 4ರಿಂದ 12 ತಿಂಗಳ ನಡುವೆ ಯಾವಾಗ ಬೇಕಾದ್ರೂ ಶುರು ಮಾಡಬಹುದು, ಮೊದಮೊದಲು ರಾಶಿ ರಾಶಿ ಕೊಡಬೇಡಿ ಅಷ್ಟೇ. ಪ್ರಮಾಣಕ್ಕೂ ಒಂದಿಷ್ಟು ಪಾತ್ರ ಇರೋ ಹಾಗಿದೆ, ಮೊದಲ ಐದು ವರ್ಷದಲ್ಲಿ ಗ್ಲುಟನ್ ಜಾಸ್ತಿ ತಿಂದ ಮಕ್ಕಳಲ್ಲಿ ಅಪಾಯ ಜಾಸ್ತಿ ಅಂತ ಟೆಡ್ಡಿ ತಂಡವೇ 2019ರಲ್ಲಿ ಹೇಳಿದೆ, ಆದ್ರೆ ಇಷ್ಟೇ ಗ್ರಾಂ ಕೊಡಿ ಅಂತ ಸೂತ್ರ ಮಾಡೋ ಮಟ್ಟಕ್ಕೆ ಅದು ಬಂದಿಲ್ಲ. ನೀವೇನೋ ಮಾಡಿದ್ದಕ್ಕೆ, ಬಿಟ್ಟಿದ್ದಕ್ಕೆ ಮಗುವಿಗೆ ಬಂತು ಅನ್ನೋ ಲೆಕ್ಕ ಮುಂದೆ ಯಾವತ್ತಾದ್ರೂ ತಲೆಗೆ ಬಂದ್ರೆ ಈ ಪುಟ ತೆಗೆದು ಓದ್ಕೊಳ್ಳಿ. ನಿಮ್ಮ ಪಥ್ಯ ಮಾತ್ರ ಈಗ ಚೂರೂ ತಪ್ಪಿಸಬೇಡಿ.

ಮಗನಿಗೆ ಟೈಪ್ 1 ಡಯಾಬಿಟಿಸ್ ಇದೆ. ಅವನಿಗೆ ಸೀಲಿಯಾಕ್ ಟೆಸ್ಟ್ ಯಾಕೆ ಬರೆದಿದ್ದಾರೆ? ಅವನು ಆರಾಮಾಗೇ ಇದ್ದಾನೆ.

ಎರಡೂ ಕಾಯಿಲೆ ಅದೇ ಡಿಕ್ಯೂ2, ಡಿಕ್ಯೂ8 ನೆರಳಲ್ಲೇ ಬೆಳೆಯೋದು, ಹಾಗಾಗಿ ಒಂದಿದ್ದವರಲ್ಲಿ ಇನ್ನೊಂದು ಸಿಗೋದು ಬೇರೆಯವರಿಗಿಂತ ಜಾಸ್ತಿ, ಥೈರಾಯ್ಡ್‌ನ ಆಟೋಇಮ್ಯೂನ್ ತೊಂದ್ರೆಗಳ ಜೊತೆಗೂ ಹೀಗೇ. ಡೌನ್, ಟರ್ನರ್, ವಿಲಿಯಮ್ಸ್ ಸಿಂಡ್ರೋಮ್ ಇರೋ ಮಕ್ಕಳಲ್ಲೂ ನೋಡ್ತೀವಿ. ಬರೆದುಕೊಟ್ಟವರು ಸರಿಯಾಗೇ ಬರೆದಿದ್ದಾರೆ, ಮಾಡಿಸಿ.

ಜೀನ್‌ನಿಂದ ಬಂದ ಕಾಯಿಲೆ ಅಂದ್ರೆ ಜೀನ್ ಸರಿ ಮಾಡಿ ವಾಸಿ ಮಾಡೋಕೆ ಆಗಲ್ವಾ? ಮಗಳು ದೊಡ್ಡವಳಾದ ಮೇಲೆ ತಾನಾಗೇ ಹೋಗುತ್ತೆ ಅಂತ ಪಕ್ಕದ್ಮನೆಯವರು ಹೇಳ್ತಾರೆ.

ಪಕ್ಕದ್ಮನೆಯವರು ಹೇಳೋದು ಹಳೇ ಪುಸ್ತಕದಲ್ಲೂ ಇತ್ತು. ಆಗ ಏನಾಗ್ತಿತ್ತು ಅಂದ್ರೆ ಹದಿಹರೆಯದಲ್ಲಿ ಕೆಲವು ಮಕ್ಕಳಿಗೆ ಗೋಧಿ ತಿಂದ್ರೂ ಲಕ್ಷಣ ಕಮ್ಮಿ ಆಗ್ತಿತ್ತು, ಹೋಯ್ತು ಅಂತ ಬಿಡ್ತಿದ್ರು, ಮುಂದೆ ರಕ್ತಹೀನತೆ, ಮೂಳೆ ಸವೆತ ಅಂತ ಮತ್ತೆ ಬರ್ತಿದ್ರು. ಒಮ್ಮೆ ಟಿ-ಸೆಲ್ ಗ್ಲುಟನ್ನ ಗುರುತು ಹಿಡ್ಕೊಂಡ್ರೆ ಆ ನೆನಪು ಹೋಗಲ್ಲ. ಜೀನ್ ಸರಿ ಮಾಡೋದು ಅಂದ್ರೆ ಯಾವುದನ್ನ ಸರಿ ಮಾಡ್ತೀರಿ? ಡಿಕ್ಯೂ2 ಕೆಟ್ಟು ಹೋದ ಜೀನ್ ಅಲ್ಲ, ರೋಗಾಣುಗಳನ್ನ ಹಿಡಿದು ತೋರಿಸೋ ಕೆಲಸ ಮಾಡ್ತಿರೋ ಒಳ್ಳೇ ಜೀನ್, ಗೋಧಿ ವಿಷಯದಲ್ಲಿ ಮಾತ್ರ ಎಡವಟ್ಟು ಮಾಡ್ತಿದೆ. ಅದಕ್ಕಿಂತ ಗೋಧಿ ಬಿಡೋದು ಸುಲಭ, ತಟ್ಟೆ ಇದ್ರೂ ಬಡಿಸೋಕೆ ಏನೂ ಇಲ್ಲ ಅಂದ್ರೆ ಕರುಳು ತಾನಾಗೇ ಚಿಗುರುತ್ತೆ, ಮಕ್ಕಳಲ್ಲಂತೂ ಬೇಗ, ದೊಡ್ಡವರಿಗೆ ಒಂದೆರಡು ವರ್ಷ ಹಿಡಿಯಬಹುದು. ಪ್ಯಾಕೆಟ್ ಮೇಲೆ ಗ್ಲುಟನ್-ಫ್ರೀ ಅಂತ ಬರೀಬೇಕಾದ್ರೆ ಅಂತಾರಾಷ್ಟ್ರೀಯ ಮಿತಿ ಕಿಲೋಗೆ 20 ಮಿಲಿಗ್ರಾಂ. ದಿನಕ್ಕೆ 50 ಮಿಲಿಗ್ರಾಂ ಗ್ಲುಟನ್ ಮೂರು ತಿಂಗಳು ಹೋದ್ರೆ ಕರುಳು ಮತ್ತೆ ಕೆಡಬಲ್ಲದು, ಅದು ಬ್ರೆಡ್ಡಿನ ಒಂದು ಚೂರು ಪುಡಿಯಷ್ಟೇ. ಪಕ್ಕದ್ಮನೆಯವರು ಪ್ರೀತಿಯಿಂದ "ಒಂದೇ ಒಂದು" ಅಂತ ಕೊಟ್ಟಾಗ ಮಗಳಿಗೆ ಬೇಡ ಅನ್ನೋಕೆ ಹೇಳಿಕೊಡಿ, 6-7 ವರ್ಷದ ಮಕ್ಕಳು ಇದನ್ನ ನಮಗಿಂತ ಚೆನ್ನಾಗಿ ನಿಭಾಯಿಸ್ತಾರೆ.